ಮೋಡದ ಮಾತು, ಗಿರಣಿಯ ಲೆಕ್ಕ

ವಿಚಾರ ಸಂಕಿರಣ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಎತ್ತರದ ವೇದಿಕೆ, ಹಾರ, ಶಾಲು, ಹಣ್ಣಿನ ಬುಟ್ಟಿ. ಪ್ರಾರ್ಥನೆ, ಸ್ವಾಗತ, ಉದ್ಘಾಟನಾ ಭಾಷಣ, ಅಧ್ಯಕ್ಷೀಯ ಭಾಷಣ. ಪ್ರಶ್ನೆಗಳಿಗೆಂದು ಮೀಸಲಿಟ್ಟ ಹತ್ತು ನಿಮಿಷವನ್ನು ವಂದನಾರ್ಪಣೆ ನುಂಗಿರುತ್ತದೆ. ನಿಜವಾದ ಚರ್ಚೆ ನಡೆಯುವುದು ಹೊರಗೆ, ಕಾಫಿ ಲೋಟ ಹಿಡಿದು ನಿಂತಾಗ.

ಆ ಕಾಫಿ ವಿರಾಮವನ್ನೇ ಇಡೀ ದಿನಕ್ಕೆ ಹಿಗ್ಗಿಸಿದರೆ ಹೇಗೆ? ಅಮೆರಿಕದ ಹ್ಯಾರಿಸನ್ ಓವೆನ್ 1985ರಲ್ಲಿ ಇದೇ ಆಲೋಚನೆಯಿಂದ 'ಓಪನ್ ಸ್ಪೇಸ್' ಪದ್ಧತಿಯನ್ನು ರೂಪಿಸಿದರು. ಮುಖ್ಯ ಅತಿಥಿ ಇಲ್ಲ, ಮೊದಲೇ ಅಚ್ಚಾದ ಕಾರ್ಯಕ್ರಮ ಪಟ್ಟಿ ಇಲ್ಲ. ಬಂದವರೇ ವಿಷಯ ಬರೆದು ಗೋಡೆಗೆ ಅಂಟಿಸಬೇಕು. ಚರ್ಚೆ ಹಿಡಿಸದಿದ್ದರೆ ಸಂಕೋಚವಿಲ್ಲದೆ ಎದ್ದು ಮತ್ತೊಂದು ಗುಂಪಿಗೆ ಹೋಗಬಹುದು. ಇದಕ್ಕೆ 'ಎರಡು ಕಾಲಿನ ನಿಯಮ' ಎಂದು ಹೆಸರು. ಈ ನಿಯಮ ನಮ್ಮ ತರಗತಿಗಳಿಗೂ ಬಂದರೆ ಬೆಳಕಿನ ವಕ್ರೀಭವನದ ಪಾಠಕ್ಕೆ ಎಷ್ಟು ಮಂದಿ ಉಳಿದಾರು?

ಬೆಂಗಳೂರಿಗೆ ಬಂದ ಬಗೆ

ಕಂಪ್ಯೂಟರ್ ಜನ ಇದನ್ನು ಬೇಗ ಅಪ್ಪಿಕೊಂಡರು. 2005ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 'ಬಾರ್‌ಕ್ಯಾಂಪ್' ಎಂಬ ಕೂಟ ನಡೆಯಿತು. ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದ ಇನ್ನೊಂದು ಕೂಟಕ್ಕೆ ಅದು ಉತ್ತರವಾಗಿತ್ತು. ಮರುವರ್ಷ, 2006ರಲ್ಲಿ, ಬೆಂಗಳೂರಿನಲ್ಲೂ ಬಾರ್‌ಕ್ಯಾಂಪ್ ಶುರುವಾಯಿತು. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ, ಆಮೇಲೆ ವೈಟ್‌ಫೀಲ್ಡ್‌ನ ಸ್ಯಾಪ್ ಲ್ಯಾಬ್ಸ್‌ನಲ್ಲಿ ಇಂಥ ಕೂಟಗಳು ನಡೆದವು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಲೌಡ್ ಕಂಪ್ಯೂಟಿಂಗ್‌ಗೆಂದೇ 'ಕ್ಲೌಡ್‌ಕ್ಯಾಂಪ್' ಹುಟ್ಟಿತು. ಅಲ್ಲಿ ತಜ್ಞರನ್ನು ಯಾರೂ ಆರಿಸುವುದಿಲ್ಲ. ತಾವು ಬಲ್ಲೆವೆಂದು ಕೈ ಎತ್ತಿದವರೇ ಮುಂದೆ ಬಂದು ಸಭಿಕರ ಪ್ರಶ್ನೆಗಳಿಗೆ ಉತ್ತರಿಸಬೇಕು.

ಇಂಥ ಕೂಟಗಳು ಹೆಚ್ಚಾಗಿ ನಡೆದದ್ದು ನಗರದ ದಕ್ಷಿಣ, ಪೂರ್ವ ಭಾಗಗಳಲ್ಲಿ. ರಾಜಾಜಿನಗರ, ಬಸವೇಶ್ವರನಗರದ ನಮಗೆ ವೈಟ್‌ಫೀಲ್ಡ್ ಬೇರೆ ಊರೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ಣಗೊಂಡ ಮೇಲೆ ವಿಜಯನಗರದಲ್ಲಿ ಮೆಟ್ರೊ ಹತ್ತಿದವರು ಎಲ್ಲೂ ಬದಲಿಸದೆ ಅಲ್ಲಿ ಇಳಿಯಬಹುದು. ದೂರ ಕರಗಿತು, ಅಳುಕು ಉಳಿಯಿತು: ಮೇಷ್ಟರಿಗೆ ಅಲ್ಲೇನು ಕೆಲಸ?

ಮೇಷ್ಟರ ಸರದಿ

ಅಂಥದೊಂದು ಕೂಟಕ್ಕೆ ನಾನೂ ಹೋದೆ. ಗೋಡೆಯ ಮೇಲಿನ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಾನು ಕನ್ನಡದಲ್ಲಿ 'ಕ್ಲೌಡ್ ಮತ್ತು ಹಿಟ್ಟಿನ ಗಿರಣಿ' ಎಂದು ಬರೆದು ಅಂಟಿಸಿದೆ. ಹನ್ನೊಂದು ಜನ ಬಂದರು.

ನಾನು ಹೇಳಿದ್ದು ಇಷ್ಟು. ರಾಗಿ ಬೀಸಲು ಯಾರೂ ಮನೆಯಲ್ಲಿ ಗಿರಣಿ ಇಟ್ಟುಕೊಳ್ಳುವುದಿಲ್ಲ. ಡಬ್ಬ ಒಯ್ದು, ತೂಕ ಮಾಡಿಸಿ, ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರುತ್ತೇವೆ. ಕ್ಲೌಡ್ ಎಂದರೂ ಇದೇ: ಇನ್ನೊಬ್ಬರ ಕಂಪ್ಯೂಟರನ್ನು ಬಳಸಿದಷ್ಟಕ್ಕೆ ಬಾಡಿಗೆ ಕೊಡುವುದು. 2006ರಲ್ಲಿ ಅಮೆಜಾನ್ ಕಂಪೆನಿ ಸಂಗ್ರಹ ಜಾಗವನ್ನೂ ಗಣನ ಶಕ್ತಿಯನ್ನೂ ಹೀಗೆ ಬಾಡಿಗೆಗೆ ಕೊಡತೊಡಗಿತು. ಒಂದು ವ್ಯತ್ಯಾಸವಿದೆ. ಹಬ್ಬದ ಹಿಂದಿನ ದಿನ ಗಿರಣಿ ಮುಂದೆ ಸಾಲು ಬೆಳೆಯುತ್ತದೆ. ಕ್ಲೌಡ್‌ನಲ್ಲಿ ಬೇಡಿಕೆ ಏರಿದಂತೆ ಹೆಚ್ಚು ಯಂತ್ರಗಳನ್ನು ಸೇರಿಸಿ, ಇಳಿದಾಗ ಬಿಟ್ಟುಕೊಡಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನೇ ನೋಡಿ. 8 ಲಕ್ಷಕ್ಕೂ ಹೆಚ್ಚು ಮಕ್ಕಳ ಮನೆಯವರು ಒಟ್ಟಿಗೆ ನೋಡುತ್ತಾರೆ. ಆ ಒಂದು ದಿನಕ್ಕಾಗಿ ವರ್ಷವಿಡೀ ನೂರಾರು ಯಂತ್ರಗಳನ್ನು ಸಾಕಬೇಕೆ?

ಇಬ್ಬರು ಎದ್ದು ಹೋದರು, ನಿಯಮವೇ ಅದು. ಉಳಿದವರಲ್ಲಿ ಒಬ್ಬ ಯುವಕ ಕೇಳಿದ: "ಸಾರ್, ಮೆಣಸಿನಕಾಯಿ ಬೀಸಿದ ಮೇಲೆ ನಮ್ಮ ರಾಗಿ ಹಾಕಿದರೆ ಖಾರ ಸೇರುತ್ತಲ್ಲ?" ಎಂಥ ಪ್ರಶ್ನೆ! ಒಂದೇ ಯಂತ್ರದಲ್ಲಿ ಹಲವರ ಮಾಹಿತಿ ಬೆರೆಯದಂತೆ ಕಾಯುವುದು ಈ ತಂತ್ರಜ್ಞಾನದ ಮುಖ್ಯ ಸವಾಲು. ಪಕ್ಕದಲ್ಲಿದ್ದ ಎಂಜಿನಿಯರ್ ಹುಡುಗಿ ಕೈಗೆತ್ತಿಕೊಂಡು, ಒಂದು ಯಂತ್ರದೊಳಗೆ ಹಲವು ಮಿಥ್ಯಾ ಯಂತ್ರಗಳನ್ನು ಬೇರೆ ಬೇರೆಯಾಗಿ ನಡೆಸುವ ಉಪಾಯವನ್ನು ಕನ್ನಡದಲ್ಲೇ ವಿವರಿಸಿದಳು. ಅಲ್ಲಿಗೆ ನಾನು ಕೇಳುಗನಾದೆ.

"ಗಿರಣಿಯೇ ನಿಂತರೆ?" ಎಂದರು ಮತ್ತೊಬ್ಬರು. 2017ರ ಫೆಬ್ರುವರಿ 28ರಂದು ಆದದ್ದು ಅದೇ. ನೌಕರರೊಬ್ಬರು ಆದೇಶವೊಂದನ್ನು ತಪ್ಪಾಗಿ ಟೈಪ್ ಮಾಡಿದ್ದರಿಂದ ಅಮೆಜಾನಿನ ಉತ್ತರ ವರ್ಜೀನಿಯಾ ಕೇಂದ್ರದ ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಕೆಟ್ಟಿತು. ಅದನ್ನು ನಂಬಿದ್ದ ಅಸಂಖ್ಯ ತಾಣಗಳೂ ಮುಗ್ಗರಿಸಿದವು.

ನಮಗೇಕೆ ಬೇಕು?

ಇಂದು ನಮ್ಮ ಮಕ್ಕಳ ದಾಖಲಾತಿ, ಅಂಕಗಳು ದೂರದ ಸರ್ವರ್‌ಗಳಲ್ಲಿವೆ. ಅಂಕಪಟ್ಟಿಗೆ 2015ರಿಂದ ಡಿಜಿಲಾಕರ್, ಪಾಠಕ್ಕೆ 2017ರಿಂದ ದೀಕ್ಷಾ. ದಿನವೂ ಇವನ್ನು ಬಳಸುವ ಶಿಕ್ಷಕರು, ಪೋಷಕರು ಇವುಗಳ ಬಗ್ಗೆ ಪ್ರಶ್ನೆ ಕೇಳುವ ಜಾಗ ಎಲ್ಲಿದೆ? ತರಬೇತಿಗಳಲ್ಲಿ ನಮ್ಮದು ಕೇಳಿ ಸಹಿ ಹಾಕಿ ಬರುವ ಪಾತ್ರ. ಯಾವ ಮಾಹಿತಿ ಎಲ್ಲಿದೆ, ಯಾರು ನೋಡಬಲ್ಲರು, ನಕಲು ಪ್ರತಿ ಇದೆಯೇ ಎಂದು ಕೇಳುವುದು ಎಂಜಿನಿಯರರ ಸ್ವತ್ತಲ್ಲ.

ಇದಕ್ಕೆ ಸಭಾಭವನ ಬೇಕಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯ ಎರಡು ಕೊಠಡಿ, ಖಾಲಿ ಹಾಳೆ, ಗೋಂದು, ಕಾಫಿ ಸಾಕು. ಕೆಂಗೇರಿಯ ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರದ ಅಂಗಡಿಯಾತ, ನಿವೃತ್ತ ಬ್ಯಾಂಕ್ ನೌಕರ, ಒಂಬತ್ತನೇ ತರಗತಿಯ ಹುಡುಗಿ ಎಲ್ಲರೂ ಬರಲಿ. ಗೋಡೆಗೆ ಕನ್ನಡದ ಚೀಟಿಗಳು ಬೀಳಲಿ. ಶಾಲು ಮಾತ್ರ ಬೇಡ.