ಅಂಚು ಬಿಟ್ಟು ಹೊಳಪು ಕೊಟ್ಟ ಕಲ್ಲು

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲೋ 12ನೇ ಮೇನ್‌ನಲ್ಲೋ ಬೆಳ್ಳಿ ಒಡವೆ ಮಾರುವ ಅಂಗಡಿಗಳನ್ನು ನೋಡುತ್ತ ನಡೆದರೆ ಒಂದು ಬಗೆಯ ಪದಕ ಕಣ್ಣು ಸೆಳೆಯುತ್ತದೆ. ಮುಖ ನುಣುಪು, ಒಳಗೆ ಗೆರೆಯ ಪಕ್ಕ ಗೆರೆ. ಅಂಚು ಮಾತ್ರ ಒರಟು, ಕಂದು, ಅಂಕುಡೊಂಕು. ಕೆಲಸ ಅರ್ಧಕ್ಕೆ ನಿಂತು ಹೀಗಾದದ್ದಲ್ಲ. ಅಗೇಟ್ ಕಲ್ಲಿನ ಹೊರಸಿಪ್ಪೆಯನ್ನು ಬೇಕೆಂದೇ ಉಳಿಸಿ, ಮುಖಕ್ಕಷ್ಟೇ ಸಾಣೆ ಹಿಡಿದು ಮಾಡಿದ ಕ್ಯಾಬೊಷಾನ್ ಇದು.

ವಜ್ರದಂತೆ ಹಲವು ಮುಖಗಳಾಗಿ ಕೊಯ್ಯದೆ, ತಳ ಚಪ್ಪಟೆಯಾಗಿ, ಮೇಲ್ಭಾಗ ಉಬ್ಬಾಗಿ ಉಜ್ಜಿದ ಕಲ್ಲಿಗೆ ಕ್ಯಾಬೊಷಾನ್ ಎನ್ನುತ್ತಾರೆ. ಭರತನಾಟ್ಯದವರು ತೊಡುವ ಕೆಂಪಿನ ಸೆಟ್ಟಿನಲ್ಲಿರುವುದೂ ಇದೇ ಉಬ್ಬುಗಲ್ಲು. ಅಗೇಟಿನ ಕುಲದ ಕಲ್ಲನ್ನು ಅಕೀಕ್ ಎಂದು ಕರೆದು ಬೆಳ್ಳಿಯುಂಗುರದಲ್ಲಿ ಕೂರಿಸಿ ತೊಡುವ ರೂಢಿ ಮುಸ್ಲಿಮರಲ್ಲಿ ಬಹಳ ಹಳೆಯದು. ಆದರೆ ಉಂಗುರದ ಕಲ್ಲಿಗೆ ಅಳತೆಯ ಅಂಡಾಕಾರ ಬೇಕು. ಅಂಚು ಉಳಿಸಿದ ಕಲ್ಲಿಗೆ ಅಳತೆಯನ್ನು ಕಲ್ಲೇ ಹೇಳುತ್ತದೆ. ಎಲ್ಲಿ ಕೊಯ್ಯಬೇಕು ಎನ್ನುವುದಕ್ಕಿಂತ ಎಲ್ಲಿ ಕೈ ತಡೆಯಬೇಕು ಎಂದು ತಿಳಿಯುವುದೇ ಈ ಕಸುಬಿನ ಹೆಚ್ಚುಗಾರಿಕೆ.

ಲಾವಾದ ಗೂಡಿನಲ್ಲಿ ಹುಟ್ಟಿದ್ದು

ಬೆಂಗಳೂರಿನ ನೆಲ ಅಗೇಟಿನ ತವರಲ್ಲ. ಇಲ್ಲಿರುವುದು ಲಾಲ್‌ಬಾಗಿನ ಬಂಡೆಯಂಥ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅಗೇಟಿಗೆ ಉತ್ತರಕ್ಕೆ ಹೋಗಬೇಕು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಕಲ್ಲಿನ ಸೀಮೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾದಿಂದ ಆದದ್ದು. ಗೋಳಗುಮ್ಮಟ ಕಟ್ಟಿರುವುದೂ ಅದೇ ಕಲ್ಲಿನಲ್ಲಿ.

ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಖಾಲಿ ಗೂಡುಗಳಾಗಿ ಉಳಿದವು. ಸಿಲಿಕಾ ಕರಗಿದ ನೀರು ಆ ಗೂಡುಗಳಿಗೆ ಇಳಿದು, ಗೋಡೆಯಿಂದ ಒಳಮುಖವಾಗಿ ಪದರದ ಮೇಲೆ ಪದರ ಕಟ್ಟಿತು. ನೀರಿನಲ್ಲಿದ್ದ ಕಬ್ಬಿಣದ ಅಂಶ ಕೆಲವು ಪದರಗಳಿಗೆ ಕೆಂಪು, ಕಂದು ಬಣ್ಣ ಕೊಟ್ಟಿತು. ನಡುವೆ ಜಾಗ ಉಳಿದ ಕಡೆ ಸ್ಫಟಿಕದ ಹರಳುಗಳು ಮೂಡಿದವು. ಹಾಗಾಗಿ ಹೊರಸಿಪ್ಪೆ ಎಂದರೆ ಲಾವಾದ ಗೋಡೆಗೆ ತಾಗಿಕೊಂಡಿದ್ದ, ಎಲ್ಲಕ್ಕೂ ಮೊದಲ ಪದರ. ಅದನ್ನು ಕೊಯ್ದು ಹಾಕಿದರೆ ಗೆರೆಗಳ ಚೆಲುವು ಉಳಿಯುತ್ತದೆ. ಕಲ್ಲು ಎಲ್ಲಿ ಹುಟ್ಟಿತೆಂಬ ಗುರುತು ಅಳಿಯುತ್ತದೆ.

ಕಪ್ಪುಕಲ್ಲು ಸವೆದು ಮಣ್ಣಾದರೂ ಅಗೇಟ್ ಸವೆಯುವುದು ನಿಧಾನ. ಗಡಸುತನದ ಮೋಸ್ ಮಾಪನದಲ್ಲಿ ಅದರ ಅಂಕಿ 6.5ರಿಂದ 7, ಗಾಜಿನದು ಸುಮಾರು 5.5. ಅದಕ್ಕೇ ಕೃಷ್ಣಾ, ಭೀಮಾ ನದಿಗಳ ಬೆಣಚುಗಲ್ಲಿನ ರಾಶಿಯಲ್ಲಿ ಅಗೇಟ್ ಉಂಡೆಗಳು ಇಂದಿಗೂ ಸಿಗುತ್ತವೆ. ನಮ್ಮ ಸೀಮೆಯಲ್ಲಿ ಈ ಕಲ್ಲಿನ ಬಳಕೆಯೂ ಪುರಾತನ. 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದ ಹೆಸರಾದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿದಾಗ ಅಗೇಟ್ ಮತ್ತು ಅದರ ಕೆಂಪು ಸೋದರ ಕಾರ್ನೀಲಿಯನ್‌ನ ಮಣಿಗಳು ದೊರೆತವು. ಇಂದು ದೇಶದಲ್ಲಿ ಈ ಕಸುಬಿನ ದೊಡ್ಡ ಕೇಂದ್ರ ಗುಜರಾತಿನ ಖಂಭಾತ್. ರತನ್‌ಪುರದ ಗಣಿಗಳಿಂದ ಬಂದ ಕಲ್ಲನ್ನು ಬಿಸಿಲಿಗೊಡ್ಡಿ, ಮಂದ ಉರಿಯಲ್ಲಿ ಕಾಯಿಸಿ ಕೆಂಪೇರಿಸುವ ವಿದ್ಯೆ ಅಲ್ಲಿನವರದು.

ಸಾಣೆಯ ಮೆಟ್ಟಿಲುಗಳು

ಮೊದಲ ಕೆಲಸ ಕಲ್ಲನ್ನು ಓದುವುದು. ವಜ್ರದ ಪುಡಿ ಕೂರಿಸಿದ ಗರಗಸದ ಚಕ್ರದಿಂದ ಉಂಡೆಯನ್ನು ಐದರಿಂದ ಎಂಟು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಬಿಲ್ಲೆಯನ್ನು ನೀರಿನಲ್ಲಿ ಅದ್ದಿದರೆ ಪಾಲಿಶ್ ಆದ ಮೇಲೆ ಹೇಗೆ ಕಾಣುತ್ತದೆಂದು ಆಗಲೇ ಗೊತ್ತಾಗುತ್ತದೆ. ಎಲ್ಲಿ ಗೆರೆ ಚೆಂದ, ಎಲ್ಲಿ ಸಿಪ್ಪೆ ಗಟ್ಟಿ, ಎಲ್ಲಿ ಬಿರುಕು ಎಂದು ನೋಡಿ ಗುರುತು ಹಾಕುವುದು ಆಮೇಲೆ.

ಸಿಪ್ಪೆಯ ಪರೀಕ್ಷೆ ಸೂಜಿಯ ತುದಿಯಿಂದ ಆಗುತ್ತದೆ. ಉದುರುವ ಚೂರು ಈಗಲೇ ಉದುರಬೇಕು. ಪಾಲಿಶ್ ಆದ ಮೇಲೆ ಉದುರಿದರೆ ಮಾಡಿದ ಕೆಲಸ ವ್ಯರ್ಥ. ಹಿತ್ತಾಳೆಯ ಬ್ರಷ್‌ನಿಂದ ಮಣ್ಣು ತೆಗೆದ ಮೇಲೆ, ಸಡಿಲವಾದ ಕಡೆ ತೆಳುವಾದ ಅಂಟು ಕುಡಿಸುವವರೂ ಇದ್ದಾರೆ. ನಂತರ ಅರಗಿನಿಂದ ಕಲ್ಲನ್ನು ಕಡ್ಡಿಯ ತುದಿಗೆ ಅಂಟಿಸಿ ಚಕ್ರದ ಮುಂದೆ ಕೂರುತ್ತಾರೆ.

ಕಣದ ಸಂಖ್ಯೆ 80 ಇರುವ ಒರಟು ಚಕ್ರ ಉಬ್ಬಿನ ರೂಪ ಕೊಡುತ್ತದೆ. 220, 600, 1200, 3000 ಎಂದು ನುಣುಪು ಹೆಚ್ಚುತ್ತ ಹೋಗುವ ಚಕ್ರಗಳು ಹಿಂದಿನ ಚಕ್ರದ ಗೀರನ್ನು ಅಳಿಸುತ್ತವೆ. ನಡುವಿನ ಮೆಟ್ಟಿಲೊಂದನ್ನು ಹಾರಿದರೆ ಮೊದಲಿನ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. ನೀರು ಗೀರುಗಳನ್ನು ಮುಚ್ಚಿಡುವುದರಿಂದ ಪ್ರತಿ ಹಂತದಲ್ಲೂ ಕಲ್ಲನ್ನು ಒರೆಸಿ, ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಕಡೆಯಲ್ಲಿ ಸೀರಿಯಂ ಆಕ್ಸೈಡ್ ಪುಡಿ ಹಚ್ಚಿದ ಫೆಲ್ಟ್ ಅಥವಾ ಚರ್ಮದ ಮೇಲೆ ಉಜ್ಜಿದಾಗ ಗಾಜಿನ ಹೊಳಪು ಏರುತ್ತದೆ.

ಅಂಡಾಕಾರದ ಕಲ್ಲಾದರೆ ಕೈ ಒಂದೇ ಸಮನೆ ಸುತ್ತು ಬರಬಹುದು. ಅಂಚು ಉಳಿಸುವ ಕಲ್ಲಿನಲ್ಲಿ ಉಬ್ಬು ಸಿಪ್ಪೆಯ ಹತ್ತಿರಕ್ಕೆ ಇಳಿದು, ಅದನ್ನು ಮುಟ್ಟುವ ಮುಂಚೆ ನಿಲ್ಲಬೇಕು. ಚಕ್ರ ಕೂದಲೆಳೆಯಷ್ಟು ಮುಂದೆ ಹೋದರೂ ಸಿಪ್ಪೆಯ ತುದಿ ಮುರಿಯುತ್ತದೆ, ಮುರಿದದ್ದು ಮತ್ತೆ ಬೆಳೆಯದು. ಪಾಲಿಶ್ ಪುಡಿ ಒರಟಿನ ಸಂದಿಗೆ ಹೊಕ್ಕರೆ ಕಲೆಯಾಗಿ ಕೂರುವುದರಿಂದ ಪ್ರತಿ ಹಂತದ ನಂತರ ಮೆತ್ತನೆಯ ಬ್ರಷ್‌ನಿಂದ ತೊಳೆಯಬೇಕು.

ಕಲ್ಲು ಕಟ್ಟುವವರಿಗೂ ಇದು ಸವಾಲೇ. ಅಳತೆಯ ಅಂಡಾಕಾರಕ್ಕೆ ಅಚ್ಚಿನ ಮನೆ ಸಿದ್ಧವಾಗಿ ಸಿಗುತ್ತದೆ. ಈ ಕಲ್ಲಿಗೆ ನಗರ್ತಪೇಟೆಯ ಅಕ್ಕಸಾಲಿಗನೇ ಆಗಲಿ, ಬೇರೆ ಯಾರೇ ಆಗಲಿ, ಬೆಳ್ಳಿಯ ಪಟ್ಟಿಯನ್ನು ಅದರ ತಿರುವುಗಳಿಗೆ ಕೈಯಲ್ಲೇ ಬಗ್ಗಿಸಬೇಕು. ಸಿಪ್ಪೆ ಮುಚ್ಚಬಾರದೆಂದರೆ ಗಟ್ಟಿಯಿರುವ ಕಡೆ ಹುಡುಕಿ ಪುಟ್ಟ ಹಿಡಿಗಳನ್ನು ಕೂರಿಸಬೇಕು. ಒಂದರ ಮನೆ ಇನ್ನೊಂದಕ್ಕೆ ಆಗುವುದಿಲ್ಲ. ಬೆಲೆಯಲ್ಲಿ ಕಾಣುವ ಹೆಚ್ಚಳ ಬಹುಪಾಲು ಈ ಕೈಕೆಲಸದ್ದು.

ನೀರಿಲ್ಲದೆ ಉಜ್ಜಿದರೆ

ಅಗೇಟ್ ಬಹುಪಾಲು ಸಿಲಿಕಾ. ನೀರಿಲ್ಲದೆ ಒಣದಾಗಿ ಉಜ್ಜಿದರೆ ಏಳುವ ನಯವಾದ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ಅದು ವಾಸಿಯಾಗುವುದಿಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಖಂಭಾತ್‌ನಲ್ಲಿ ಮನೆಯಂಗಳದಲ್ಲೇ ಕಲ್ಲು ಉಜ್ಜುವ ಕುಟುಂಬಗಳು ಇದೇ ಕಾಯಿಲೆಗೆ ತುತ್ತಾಗಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸ್ವಾಸ್ಥ್ಯ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಚಕ್ರದ ಮೇಲೆ ನೀರು ಸದಾ ಬೀಳುತ್ತಿರಬೇಕು, ದೂಳು ಹೀರುವ ವ್ಯವಸ್ಥೆ ಇರಬೇಕು, ತಕ್ಕ ಮಾಸ್ಕ್ ಬೇಕು. ಮನೆಯಲ್ಲಿ ಹವ್ಯಾಸಕ್ಕೆ ಕಲಿಯುವವರಿಗೂ ಇದು ಮೊದಲ ಪಾಠವಾಗಬೇಕು.

ಕೊಳ್ಳುವಾಗ

ಕಣ್ಣು ಕುಕ್ಕುವ ಗುಲಾಬಿ, ನೇರಳೆ, ಕಡುನೀಲಿ ಅಗೇಟುಗಳು ಸಾಮಾನ್ಯವಾಗಿ ಬಣ್ಣ ಕುಡಿಸಿದವು. ಅಗೇಟಿನ ಪದರಗಳಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಸಾಧ್ಯ. ಕಪ್ಪು ಓನಿಕ್ಸ್ ಆಗುವುದೂ ಹೆಚ್ಚಾಗಿ ಹೀಗೆಯೇ: ಸಕ್ಕರೆ ನೀರಿನಲ್ಲಿ ನೆನೆಸಿ ಗಂಧಕಾಮ್ಲಕ್ಕೆ ಹಾಕಿದರೆ ಒಳಗಿನ ಸಕ್ಕರೆ ಸುಟ್ಟು ಕರಿಯಾಗುತ್ತದೆ. ಬಿರುಕಿನಲ್ಲೂ ಸಿಪ್ಪೆಯಲ್ಲೂ ಬಣ್ಣ ಗಾಢವಾಗಿ ನಿಂತಿದೆಯೇ ನೋಡಿ. ಅಂಚಿಗೆ ಚಿನ್ನದ ಲೇಪ ಬಳಿದಿದ್ದರೆ ನೋಡಬೇಕಾದದ್ದೇ ಮರೆಯಾಯಿತು. ಬಣ್ಣ ಹಾಕುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು.

ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಇದಕ್ಕೆ ಸಾಣೆ ಹಿಡಿದವರು ಯಾರು, ನೀರಿಟ್ಟು ಹಿಡಿದರೇ? ಕಲ್ಲಿನ ಅಂಚನ್ನು ಇಷ್ಟು ಜತನದಿಂದ ಉಳಿಸುವ ಕಸುಬು ಅದನ್ನು ಉಜ್ಜುವವರ ಉಸಿರನ್ನೂ ಉಳಿಸಬೇಕು. ಆ ಪ್ರಶ್ನೆಗೆ ನೇರ ಉತ್ತರ ಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯ.