ಉತ್ತರ ಕನ್ನಡದ ಅರಣ್ಯಗಳಲ್ಲಿ ಸಣ್ಣ ಸಸ್ತನಿಗಳ ವಾಸನೆಲೆ: ಮರ ಕಡಿಯಲು ಅನುಮತಿ ಕೋರುವವರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಖಾಸಗಿ ಜಮೀನಿನಲ್ಲಿರುವ ಮರವನ್ನು ಕಡಿಯಲು ವೃಕ್ಷಾಧಿಕಾರಿಯವರ ಅನುಮತಿ ಪಡೆಯುವುದು ಅವಶ್ಯಕವಾಗಿದೆ. ಸಿಲ್ವರ್ ಓಕ್, ಗಾಳಿಮರ, ತೆಂಗು ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಮರವು ಒಣಗಿದ್ದಲ್ಲಿ, ರೋಗಪೀಡಿತವಾಗಿದ್ದಲ್ಲಿ, ಗಾಳಿಗೆ ಬಿದ್ದಿದ್ದಲ್ಲಿ ಅಥವಾ ಜೀವ ಮತ್ತು ಆಸ್ತಿಗೆ ಅಪಾಯಕಾರಿಯಾಗಿದ್ದಲ್ಲಿ ಅನುಮತಿಯನ್ನು ನಿರಾಕರಿಸುವಂತಿಲ್ಲವೆಂದು ಅಧಿನಿಯಮವು ತಿಳಿಸುತ್ತದೆ. ಈ ಅವಕಾಶವು ರೈತರ ಅನುಕೂಲಕ್ಕಾಗಿಯೇ ಇರುವಂಥದ್ದು. ಆದರೆ ಮನುಷ್ಯರಿಗೆ ನಿರುಪಯುಕ್ತವೆನಿಸುವ ಮುದಿ ಮರ, ಪೊಟರೆ ಬಿದ್ದ ಮರ ಹಾಗೂ ಒರಗಿದ ದಿಮ್ಮಿಗಳೇ ಕಾಡಿನ ಸಣ್ಣ ಸಸ್ತನಿಗಳಿಗೆ ಅತ್ಯಂತ ಬೇಕಾದ ನೆಲೆಗಳಾಗಿವೆ. ಇಂತಹ ಮರವನ್ನು ಉಳಿಸುವ ವಿಷಯದಲ್ಲಿ ಕಾನೂನಿಗಿಂತ ಅರ್ಜಿದಾರರ ತೀರ್ಮಾನವೇ ಹೆಚ್ಚು ಮುಖ್ಯವಾಗುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಸಾಮಾನ್ಯವಾಗಿ 5 ಕಿಲೋಗ್ರಾಂಗಿಂತ ಕಡಿಮೆ ತೂಕದ ಸಸ್ತನಿಗಳನ್ನು ಸಣ್ಣ ಸಸ್ತನಿಗಳೆಂದು ಪರಿಗಣಿಸಲಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊನ್ನಾವರ, ಕುಮಟಾ, ಸಿದ್ದಾಪುರ ಭಾಗದ ಘಟ್ಟಗಳಲ್ಲಿ ನಿತ್ಯಹರಿದ್ವರ್ಣದ ಕಾಡೂ, ಹಳಿಯಾಳ ಮತ್ತು ಮುಂಡಗೋಡದ ಕಡೆ ಎಲೆ ಉದುರುವ ಕಾಡೂ ಇರುವುದರಿಂದ ಈ ಪ್ರಾಣಿಗಳ ವೈವಿಧ್ಯ ಹೆಚ್ಚು. ಕಾಡಿನ ಬಗೆಯಷ್ಟೇ ಅಲ್ಲದೆ ಕಾಡಿನ ರಚನೆಯನ್ನೂ ಅವು ನೋಡಿಕೊಳ್ಳುತ್ತವೆ. ಎಂದರೆ, ಕೊಂಬೆಗೆ ಕೊಂಬೆ ತಾಗಿದೆಯೇ, ಪೊಟರೆ ಇದೆಯೇ, ನೆಲದಲ್ಲಿ ಮರೆ ಇದೆಯೇ ಎಂಬುದು ಅವುಗಳಿಗೆ ಮುಖ್ಯವಾಗುತ್ತದೆ.

ಮರದ ಮೇಲಿನ ವಾಸಿಗಳು

ಕೆಂದಳಿಲು ಹಗಲಿನಲ್ಲಿ ಸಂಚರಿಸುವ ಪ್ರಾಣಿ. ಆಹಾರ, ವಿಶ್ರಾಂತಿ, ಸಂತಾನ ಎಲ್ಲವೂ ಮರದ ಮೇಲೆಯೇ ನಡೆಯುವುದರಿಂದ ಅದು ನೆಲಕ್ಕೆ ಇಳಿಯುವುದು ಅಪರೂಪ. ಸುಮಾರು 6 ಮೀಟರ್ ದೂರವನ್ನು ಒಂದೇ ನೆಗೆತಕ್ಕೆ ದಾಟಬಲ್ಲದಾದರೂ ಅದಕ್ಕಿಂತ ಅಗಲವಾದ ತೆರವು ಬಿದ್ದಲ್ಲಿ ಅದರ ದಾರಿ ಅಲ್ಲಿಗೇ ಮುಗಿಯುತ್ತದೆ. ಎತ್ತರದ ಮರಗಳ ಕವಲಿನಲ್ಲಿ ಕಡ್ಡಿ ಮತ್ತು ಎಲೆಗಳಿಂದ ದೊಡ್ಡ ಉಂಡೆಯಾಕಾರದ ಗೂಡನ್ನು ಕಟ್ಟುತ್ತದೆ. ಒಂದೇ ಅಳಿಲು ಹಲವು ಗೂಡುಗಳನ್ನು ಹೊಂದಿರುವುದುಂಟು. ಆದಕಾರಣ ಗೂಡಿನಲ್ಲಿ ಅಳಿಲು ಕಾಣಲಿಲ್ಲವೆಂದ ಮಾತ್ರಕ್ಕೆ ಅದನ್ನು ತೊರೆದುಹೋದ ಗೂಡೆಂದು ಭಾವಿಸಬಾರದು.

ಹಾರುಬೆಕ್ಕು ಎಂದು ಮಲೆನಾಡಿನಲ್ಲಿ ಕರೆಯುವ ಪ್ರಾಣಿಯು ಬೆಕ್ಕಲ್ಲ, ಅಳಿಲಿನ ಜಾತಿಗೆ ಸೇರಿದ್ದು. ಅದು ನಿಜವಾಗಿ ಹಾರುವುದೂ ಇಲ್ಲ. ಮುಂಗಾಲು ಹಿಂಗಾಲುಗಳ ನಡುವಿನ ಚರ್ಮವನ್ನು ಹರಡಿಕೊಂಡು ಒಂದು ಮರದ ಎತ್ತರದಿಂದ ಇನ್ನೊಂದು ಮರದ ಕೆಳಭಾಗಕ್ಕೆ ತೇಲುತ್ತದೆ. ಹೀಗೆ ಪ್ರತಿ ಸಲವೂ ಎತ್ತರವನ್ನು ಕಳೆದುಕೊಳ್ಳುವುದರಿಂದ ಹತ್ತಿ ಏರಲು ಎತ್ತರದ ಮರಗಳು ಇರಲೇಬೇಕು. ರಾತ್ರಿ ಸಂಚರಿಸುವ ಈ ಪ್ರಾಣಿ ಹಗಲನ್ನು ಪೊಟರೆಯಲ್ಲಿ ಕಳೆಯುತ್ತದೆ. ಪೊಟರೆಯು ಒಂದೆರಡು ವರ್ಷಗಳಲ್ಲಿ ಆಗುವಂಥದ್ದಲ್ಲ. ಕೊಂಬೆ ಮುರಿದ ಗಾಯಕ್ಕೆ ನೀರು ಇಳಿದು, ಶಿಲೀಂಧ್ರ ಹತ್ತಿ, ಒಳಗಿನ ಚೇಗು ಕೊಳೆತು ಪೊಟರೆಯಾಗಲು ದಶಕಗಳೇ ಹಿಡಿಯುತ್ತವೆ. ಒಂದು ಮರ ಕಡಿದುದಕ್ಕೆ ಬದಲಾಗಿ ಸಸಿ ನೆಡಬೇಕೆಂಬ ಷರತ್ತನ್ನು ಅರ್ಜಿದಾರರು ಪ್ರಾಮಾಣಿಕವಾಗಿ ಪಾಲಿಸಿದರೂ ಆ ಸಸಿಯಲ್ಲಿ ಹಾರುಬೆಕ್ಕಿಗೆ ಮನೆ ದೊರೆಯುವುದು ಬಹುಶಃ ಮುಂದಿನ ತಲೆಮಾರಿಗೆ. ಹಾಗೆಂದು ಸಸಿ ನೆಡುವುದನ್ನು ಬಿಡಲಾಗದು.

ಕಾಡುಪಾಪದ ಅಗತ್ಯವೇ ಬೇರೆ. ಅದಕ್ಕೆ ನೆಗೆಯಲು ಬಾರದು. ಒಂದು ಕೊಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುವ ಈ ನಿಧಾನ ಪ್ರಾಣಿಗೆ ಬಳ್ಳಿ, ಪೊದೆ ಮತ್ತು ತೆಳುಕೊಂಬೆಗಳ ಜಾಲವೇ ರಸ್ತೆ. ಅದರ ಮುಖ್ಯ ಆಹಾರವಾದ ಕೀಟಗಳೂ ಅಲ್ಲಿಯೇ ದೊರೆಯುತ್ತವೆ. ಆದುದರಿಂದ ಕಾಡಿನ ಅಂಚು ಹಾಗೂ ಹೊಲದ ಬದಿಯ ಹಳೆಯ ಜೀವಂತ ಬೇಲಿಗಳಲ್ಲಿಯೂ ಅದು ಬದುಕಬಲ್ಲದು. ಬೇಲಿಯನ್ನು ಕಿತ್ತು ತಂತಿ ಎಳೆಯುವುದಕ್ಕೆ ಮರ ಕಡಿಯುವ ಅನುಮತಿಯ ಪ್ರಶ್ನೆ ಬಾರದಿರಬಹುದು. ಆದರೂ ಕಾಡುಪಾಪಕ್ಕೆ ಅದರಿಂದಾಗುವ ನಷ್ಟ ಮರ ಕಡಿದುದಕ್ಕಿಂತ ಕಡಿಮೆಯೇನಲ್ಲ.

ನೆಲದ ವಾಸಿಗಳು

ಬರಿಂಕವು ಸುಮಾರು 3 ಕಿಲೋಗ್ರಾಂ ತೂಗುವ, ಕೊಂಬಿಲ್ಲದ ಪುಟ್ಟ ಪ್ರಾಣಿ. ಉದುರಿದ ಹಣ್ಣುಗಳನ್ನು ತಿನ್ನುತ್ತದೆ. ಹಗಲಿನಲ್ಲಿ ಟೊಳ್ಳು ದಿಮ್ಮಿ, ಬಂಡೆಯ ಸಂದು ಅಥವಾ ಮರದ ಬುಡದ ಬೇರುಗಳ ಮರೆಯಲ್ಲಿ ಅಡಗಿರುತ್ತದೆ. ಸುಂಡಿಲಿ ಮತ್ತು ಕಾಡಿಲಿಗಳಿಗೆ ತೇವವುಳ್ಳ ತರಗೆಲೆಯ ಹಾಸು ಬೇಕು. ಮೊಲವು ಇದಕ್ಕೆ ವಿರುದ್ಧವಾಗಿ ದಟ್ಟ ಕಾಡಿಗಿಂತ ಹುಲ್ಲುಗಾವಲಿನ ಅಂಚನ್ನು ಇಷ್ಟಪಡುತ್ತದೆ.

ಸೊಪ್ಪಿನ ಬೆಟ್ಟದ ಸವಲತ್ತು ಹೊಂದಿರುವ ಅಡಿಕೆ ತೋಟಿಗರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು ಒಳ್ಳೆಯದು. ಬೆಟ್ಟದಲ್ಲಿ ಇರುವುದು ಸೊಪ್ಪು, ದರಕು ಮುಂತಾದವುಗಳ ಸವಲತ್ತೇ ಹೊರತು ಮರದ ಒಡೆತನವಲ್ಲ. ದರಕನ್ನು ಬೆಟ್ಟದ ಒಂದು ಮೂಲೆಯನ್ನೂ ಬಿಡದೆ ಗುಡಿಸಿದಲ್ಲಿ ನೆಲದ ತೇವವೂ, ಹುಳುಹುಪ್ಪಟೆಯೂ, ಅವನ್ನು ನಂಬಿದ ಸುಂಡಿಲಿಯೂ ಇಲ್ಲವಾಗುತ್ತವೆ. ಹಳ್ಳದ ಬದಿ ಮತ್ತು ಇಳಿಜಾರಿನ ದರಕನ್ನು ಹಾಗೆಯೇ ಬಿಟ್ಟರೆ ತೋಟದ ಗೊಬ್ಬರಕ್ಕೆ ಅಷ್ಟೇನೂ ಕೊರತೆಯಾಗದು.

ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಮರವನ್ನು ಒಮ್ಮೆ ಹಗಲಿನಲ್ಲಿ, ಸಾಧ್ಯವಾದರೆ ಮುಸ್ಸಂಜೆಯಲ್ಲಿಯೂ ನೋಡತಕ್ಕದ್ದು. ಹಾರುಬೆಕ್ಕು ಪೊಟರೆಯಿಂದ ಹೊರಬೀಳುವುದು ಕತ್ತಲಾಗುವ ಹೊತ್ತಿಗೆ. ಪೊಟರೆಯ ಬಾಯಿ ಸವೆದು ನುಣುಪಾಗಿದ್ದರೆ ಅಥವಾ ಬುಡದಲ್ಲಿ ಕಡಿದ ಕಾಯಿ, ಹಿಕ್ಕೆ ಬಿದ್ದಿದ್ದರೆ ಒಳಗೆ ವಾಸಿಗಳಿರುವ ಸಂಭವವಿದೆ. ಮನೆ ಅಥವಾ ದಾರಿಯ ಮೇಲೆ ವಾಲಿದ ಮರವನ್ನು ತೆಗೆಯಲೇಬೇಕಾಗುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪಾಯವಿರುವುದು ಒಂದು ಕೊಂಬೆಯಿಂದ ಮಾತ್ರವಾಗಿದ್ದಲ್ಲಿ ಇಡೀ ಮರದ ಬದಲು ಆ ಕೊಂಬೆಯನ್ನಷ್ಟೇ ತೆಗೆಯಲು ಅರ್ಜಿಯಲ್ಲಿ ಕೋರಬಹುದು. ಗೂಡು ಅಥವಾ ಪೊಟರೆ ಇದ್ದಲ್ಲಿ ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿಗೆ ತಿಳಿಸತಕ್ಕದ್ದು.

ಕಡಿಯುವಾಗ ಮರಿಗಳು ಕಂಡುಬಂದಲ್ಲಿ ಕೆಲಸವನ್ನು ನಿಲ್ಲಿಸಿ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ತಿಳಿಸಬೇಕು. ಕಾಡುಪಾಪವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿದ್ದು, ಅದನ್ನು ಹಿಡಿಯುವುದು ಅಥವಾ ಕೊಲ್ಲುವುದು ಕನಿಷ್ಠ 3 ವರ್ಷಗಳ ಸೆರೆವಾಸಕ್ಕೆ ಗುರಿಪಡಿಸಬಹುದಾದ ಅಪರಾಧವಾಗಿದೆ. ಕರುಣೆಯಿಂದ ಮನೆಗೆ ಒಯ್ಯುವುದೂ ಸರಿಯಲ್ಲ. ಕಾಡುಪಾಪದ ತಾಯಿ ಆಹಾರಕ್ಕೆ ಹೋಗುವಾಗ ಮರಿಯನ್ನು ಕೊಂಬೆಯ ಮೇಲೆ ಬಿಟ್ಟುಹೋಗುತ್ತದೆ; ಬರಿಂಕವೂ ಮರಿಯನ್ನು ಪೊದೆಯ ಮರೆಯಲ್ಲಿ ಅಡಗಿಸಿ ತೆರಳುತ್ತದೆ. ಒಂಟಿಯಾಗಿ ಕಂಡ ಮರಿ ಅನಾಥವೇ ಆಗಿರಬೇಕೆಂದಿಲ್ಲ. ಜನರು ದೂರ ಸರಿದ ಮೇಲೆ ತಾಯಿ ಅದೇ ಜಾಗಕ್ಕೆ ಹಿಂದಿರುಗುವ ಸಂಭವವಿದೆ.