ಕೌಲಿ ತೊರೆ ಬಿಟ್ಟ ಹೊತ್ತು

ಕೊಲ್ಲೂರಿನ ಕಾಡಂಚಿನ ಮನೆ. ಬೆಳಗಿನ ಐದೂವರೆ. ಸೊಪ್ಪು ಹಾಸಿದ ಹಟ್ಟಿಯಲ್ಲಿ ಕೌಲಿ ಅಕ್ಕಚ್ಚಿನ ಬಾನಿಗೆ ಮುಖವಿಟ್ಟು ನಿಂತಿದೆ. ಮಲೆನಾಡು ಗಿಡ್ಡ ತಳಿಯ, ಸೊಂಟದೆತ್ತರದ ಕೆಂಪು ದನ. ಕಣ್ಣಿ ಬಿಚ್ಚಿದ್ದೇ ತಡ, ಕರು ಹಾರಿಬಂದು ಕೆಚ್ಚಲಿಗೆ ಮೂತಿ ಗುದ್ದುತ್ತದೆ. ಒಂದು ನಿಮಿಷವಾಗುವುದರೊಳಗೆ ಜೋತ ಮೊಲೆಗಳು ಬಿಗಿದು ನಿಲ್ಲುತ್ತವೆ. "ತೊರೆ ಬಿಟ್ತ್ ಕಾಣಿ" ಎನ್ನುತ್ತಾ ಅಮ್ಮ ಚೊಂಬು ಹಿಡಿದು ಕೂರುತ್ತಾರೆ. ಮೊದಲು ತಳಕ್ಕೆ ಚರ್ ಚರ್ ಎಂದು ಬಡಿದ ಧಾರೆ, ನೊರೆಯೇರಿದಂತೆ ಬುರ್ರ್ ಬುರ್ರ್ ಎನ್ನತೊಡಗುತ್ತದೆ.

ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಹೆಪ್ಪು ಹಾಕಿದಾಗ ಮೊಸರಾಗಿ ಗಟ್ಟಿಯಾಗುವುದು ಅದೇ. ಅದನ್ನು ತಯಾರಿಸುವ ನಾಲ್ಕು ಜೀನ್‌ಗಳು ದನದ ಆರನೇ ಕ್ರೋಮೋಸೋಮಿನಲ್ಲಿ ಒಂದೇ ಕೇರಿಯ ಮನೆಗಳಂತೆ ಅಕ್ಕಪಕ್ಕ ಇವೆ. ಕೌಲಿಯ ಕಿವಿಯಲ್ಲಿ, ನಾಲಿಗೆಯಲ್ಲಿ, ಬಾಲದಲ್ಲಿ ಕೂಡ ಆ ಜೀನ್‌ಗಳಿವೆ. ಆದರೆ ಅಲ್ಲೆಲ್ಲ ಅವುಗಳ ಬಾಗಿಲು ಮುಚ್ಚಿದೆ. ತೆರೆಯುವುದು ಕೆಚ್ಚಲಿನಲ್ಲಿ ಮಾತ್ರ.

ಗಬ್ಬದ ದಿನಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೆಚ್ಚಲನ್ನು ಬೆಳೆಸುತ್ತದೆ, ಹಾಲನ್ನು ತಡೆದಿಡುತ್ತದೆ. ಕರು ಹಾಕುವ ಹೊತ್ತಿಗೆ ಅದು ಇಳಿಯುತ್ತದೆ, ಮೆದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಏರುತ್ತದೆ. ಇನ್ಸುಲಿನ್, ಕಾರ್ಟಿಸಾಲ್ ಅದಕ್ಕೆ ಜೊತೆಯಾಗುತ್ತವೆ. ಪ್ರೊಲ್ಯಾಕ್ಟಿನ್ ಜೀವಕೋಶದ ಹೊರಗೋಡೆಗೆ ಬಂದು ತಟ್ಟಿದಾಗ ಒಳಗಿನ ಸ್ಟ್ಯಾಟ್-5 ಎಂಬ ಪ್ರೋಟೀನ್ ಎಚ್ಚರಗೊಂಡು, ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ, ಕೇಸಿನ್ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಈ ದೂತನನ್ನು 1994ರಲ್ಲಿ ಬರ್ನ್ಡ್ ಗ್ರೋನರ್ ಅವರ ತಂಡ ಕುರಿಯ ಕೆಚ್ಚಲಿನಲ್ಲಿ ಗುರುತಿಸಿತು. 1997ರ ಪ್ರಯೋಗದಲ್ಲಿ ಸ್ಟ್ಯಾಟ್-5ಎ ಇಲ್ಲದ ಇಲಿಗಳು ಮರಿ ಹಾಕಿದವು; ಹಾಲೂಡಿಸಲು ಮಾತ್ರ ಅವುಗಳಿಂದ ಆಗಲಿಲ್ಲ.

ಕರುವಿನ ಗುದ್ದಿಗೆ ಎರಡು ಫಲ. ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು, ರಾತ್ರಿಯಿಡೀ ಕೂಡಿದ ಹಾಲು ಈಗ ಇಳಿಯುತ್ತದೆ. ಜೊತೆಗೆ ಪ್ರೊಲ್ಯಾಕ್ಟಿನ್ ಚಿಮ್ಮಿ, ಸಂಜೆಯ ಹಾಲಿಗೆ ಅಪ್ಪಣೆ ಹೋಗುತ್ತದೆ. ಹೊಡೆದು ಬೈದು ಕೂತರೆ ದನ ಹೆದರಿ ಹಾಲು ಎತ್ತಿಕೊಳ್ಳುತ್ತದೆ. ಕೆಚ್ಚಲು ತುಂಬಿಯೇ ಉಳಿದರೆ ಜೀನ್‌ಗಳ ಕೆಲಸವೂ ಮೆಲ್ಲಮೆಲ್ಲಗೆ ತಗ್ಗುತ್ತದೆ. ಅಮ್ಮ ಕೌಲಿಯ ಬೆನ್ನು ಸವರಿ, ಹಾಲು ಕರೆದು, ಕೊನೆಯ ಹನಿಗಳನ್ನು ಕರುವಿನ ಪಾಲಿಗೆ ಬಿಟ್ಟೇ ಏಳುತ್ತಾರೆ.

ಏಳು ಗಂಟೆಗೆ ಬೈಂದೂರು, ಕುಂದಾಪುರದ ಊರೂರ ಹಾಲಿನ ಡೇರಿಗಳ ಮುಂದೆ ಕ್ಯಾನುಗಳ ಸಾಲು. ಯಂತ್ರ ಕೊಬ್ಬು ಅಳೆಯುತ್ತದೆ, ಎಸ್‌ಎನ್‌ಎಫ್ ತೋರಿಸುತ್ತದೆ. ಕೊಬ್ಬಿಲ್ಲದ ಆ ಘನಾಂಶದ ಅಂಕಿಯಲ್ಲಿ ಕೇಸಿನ್ ಜೀನ್‌ಗಳ ಇರುಳಿನ ದುಡಿಮೆಯೂ ಸೇರಿದೆ. ಬ್ರಹ್ಮಾವರದ ಬಳಿಯ ಉಪ್ಪೂರಿನ ಡೇರಿ ಘಟಕದ ದೊಡ್ಡ ತೊಟ್ಟಿಗಳು ತುಂಬುವುದೂ ಇಂಥ ಹಟ್ಟಿಗಳಿಂದಲೇ.

ಮುಂದಿನ ಕರುವಿಗೆ ಎರಡು ತಿಂಗಳಿರುವಾಗ ಅಮ್ಮ ಕರೆಯುವುದನ್ನು ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಕೆಚ್ಚಲಿನ ಹಳೆಯ ಕೋಶಗಳು ಉದುರಿ ಹೊಸವು ಹುಟ್ಟುತ್ತವೆ. ನಿಮ್ಮ ಹಟ್ಟಿಯಲ್ಲೂ ಗಬ್ಬದ ದನವಿದ್ದರೆ, ಒಂದು ಲೋಟ ಹಾಲಿನ ಆಸೆಗೆ ಬೀಳದೆ ಆ ಎರಡು ತಿಂಗಳನ್ನು ಅದಕ್ಕೇ ಬಿಟ್ಟುಕೊಡಿ.